ಇ-ರೀಡರ್‌ನಲ್ಲಿ ‘ಇವರು ಯಾರು?’ ಅಂತ ಕೇಳಿದರೆ ಪುಸ್ತಕವೇ ಹೇಳಬೇಕು. ಕನ್ನಡಕ್ಕೆ ಈ ಸೌಲಭ್ಯ ಹೇಗಿರಬೇಕು?

ಸಂಕದಾಚೆ

ಇ-ರೀಡರ್‌ನಲ್ಲಿ ಕನ್ನಡ ಓದುವಾಗ ತುಂಬಾ ಕಾಡುವ ಒಂದು ಕೊರತೆ ಬಗ್ಗೆ ಮಾತಾಡೋಣ ಅಂತ ಈ ಚರ್ಚೆ ಶುರುಮಾಡುತ್ತಿದ್ದೇನೆ. ಅಕ್ಷರ ದೊಡ್ಡದು ಮಾಡಬಹುದು, ದೀಪ ಆರಿಸಿ ಓದಬಹುದು, ಇವೆಲ್ಲ ಸರಿ. ಆದರೆ ನಡುವೆ ಒಂದು ಹೆಸರು ಬಂದು ‘ಇವರು ಯಾರು? ಹಿಂದೆ ಎಲ್ಲಿ ಬಂದಿದ್ದರು?’ ಅನ್ನಿಸಿದರೆ ಓದು ಅಲ್ಲೇ ನಿಲ್ಲುತ್ತದೆ. ಅಚ್ಚಿನ ಪುಸ್ತಕವಾದರೆ ಈ ಪುಟದಲ್ಲಿ ಬೆರಳಿಟ್ಟುಕೊಂಡು ಹಿಂದಕ್ಕೆ ಮಗುಚುತ್ತೇವೆ. ಇಲ್ಲಿ ಹಿಂದಕ್ಕೆ ಹೋದರೆ ವಾಪಸ್ ಬರುವ ದಾರಿಯನ್ನೂ ಹುಡುಕಬೇಕು.

‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೇ ತಗೊಳ್ಳಿ. 1967ರಲ್ಲಿ ಬಂದದ್ದು. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ಎಷ್ಟೊಂದು ಮನೆಗಳು. ಮನೆಗೊಬ್ಬ ಯಜಮಾನ, ಅವರ ಮಕ್ಕಳು, ಆಳುಕಾಳು, ನಾಯಿ ಕೂಡ. ಯಾರೂ ಸುಮ್ನೆ ಬಂದು ಹೋಗುವವರಲ್ಲ. ಎಷ್ಟೋ ಪುಟದ ಹಿಂದೆ ಒಮ್ಮೆ ಕಂಡವರು ಮತ್ತೆ ಬಂದು ಕತೆಗೆ ಹೆಗಲು ಕೊಡುತ್ತಾರೆ. ಅದನ್ನು ಓದುವಾಗ ಹಾಳೆಯಲ್ಲಿ ಮನೆವಾರು ಪಟ್ಟಿ ಬರೆದಿಟ್ಟುಕೊಂಡವರು ನನ್ನ ಪರಿಚಯದಲ್ಲೇ ಬೇಕಾದಷ್ಟು ಜನ ಇದ್ದಾರೆ.

ಅದರಲ್ಲಿ ‘ಗುತ್ತಿಗೆ’ ಅಂತ ಬಂದ ಕಡೆ ಒತ್ತಿ ಹಿಡಿಯಿರಿ. ನಿಘಂಟು ತೆರೆದು ‘ಕಂಟ್ರಾಕ್ಟು, ಗೇಣಿ’ ಅಂತ ಅರ್ಥ ಕೊಡುತ್ತದೆ. ಅಲ್ಲಿರುವುದು ಗುತ್ತಿ ಅನ್ನುವ ಮನುಷ್ಯ. ಅವನಿಗೆ ಯಾರೋ ಏನೋ ಹೇಳುತ್ತಿದ್ದಾರೆ. ನಿಘಂಟಿನದು ತಪ್ಪಲ್ಲ. ಅದಕ್ಕೆ ಈ ಪುಸ್ತಕದ ಪರಿಚಯ ಇಲ್ಲ, ಅಷ್ಟೇ.

ಇಂಗ್ಲಿಷ್ ಓದುಗರಿಗೆ ಇದಕ್ಕೊಂದು ಉತ್ತರ 2011ರಲ್ಲೇ ಸಿಕ್ಕಿತು. ಕಿಂಡಲ್ ಟಚ್ ಜೊತೆ ಅಮೆಜಾನ್ ‘ಎಕ್ಸ್-ರೇ’ ಅನ್ನುವುದನ್ನು ತಂದಿತು. ಪಾತ್ರದ ಹೆಸರು ಒತ್ತಿದರೆ ಅವರು ಪುಸ್ತಕದಲ್ಲಿ ಎಲ್ಲೆಲ್ಲಿ ಬರುತ್ತಾರೆ ಅಂತ ಗೆರೆಗಳಲ್ಲಿ ತೋರಿಸುತ್ತದೆ, ಜೊತೆಗೆ ಚಿಕ್ಕ ಪರಿಚಯ. ಆ ಪರಿಚಯ ಆಗ ವಿಕಿಪೀಡಿಯ ಮತ್ತು ಶೆಲ್ಫಾರಿ ಅನ್ನುವ ಓದುಗರ ಜಾಲತಾಣದಿಂದ ಬರುತ್ತಿತ್ತು. ಯೋಚನೆ ತುಂಬಾ ಚೆನ್ನಾಗಿದೆ. ಆದರೆ ಇಡೀ ಪುಸ್ತಕದ ಗೆರೆ ತೋರಿಸಿದರೆ, ಒಬ್ಬರು ಅರ್ಧದ ನಂತರ ಕಾಣಿಸುವುದೇ ಇಲ್ಲ ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಅವರು ಸತ್ತರು ಅಂತ ಲೇಖಕರಿಗಿಂತ ಮುಂಚೆ ಸಾಧನವೇ ಹೇಳಿದ ಹಾಗಾಯಿತು. ಇನ್ನು ಕನ್ನಡದ ಮಾತು: 2016ರಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕ ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಯಾರೋ ಮಾಡಿಕೊಡುತ್ತಾರೆ ಅಂತ ಕೂರುವುದಕ್ಕಿಂತ, ನಮಗೆ ಏನು ಬೇಕು ಅಂತ ನಾವೇ ಸರಿಯಾಗಿ ಬರೆದಿಡುವುದು ಒಳ್ಳೆಯದು.

ನನಗೆ ಬೇಕಾದದ್ದು ಹೀಗಿದೆ. ಹೆಸರು ಒತ್ತಿದಾಗ ಪುಟ ಅಲ್ಲಾಡಬಾರದು. ಕೆಳಗೆ ಮೂರು ನಾಲ್ಕು ಸಾಲು ಬರಬೇಕು. ಮೊದಲು, ಇವರು ಯಾರು. ಆಮೇಲೆ, ಇದಕ್ಕೆ ಮುಂಚೆ ಕೊನೆಯ ಸಲ ಎಲ್ಲಿ ಕಂಡರು, ಆ ವಾಕ್ಯದ ಸಮೇತ. ಬೇಕಾದರೆ ಅಲ್ಲಿಗೆ ಹೋಗಲು ಒಂದು ಗುಂಡಿ, ವಾಪಸ್ ಬರಲು ಅದೇ ಗುಂಡಿ. ನಾನು ಓದಿ ಮುಗಿಸಿದ ಜಾಗದಿಂದ ಮುಂದಿನದು ಒಂದಕ್ಷರವೂ ಕಾಣಬಾರದು. ಇಂಟರ್‌ನೆಟ್ ಇಲ್ಲದೆಯೂ ನಡೆಯಬೇಕು. ಬಸ್ಸಿನಲ್ಲಿ, ಊರಲ್ಲಿ, ಸಿಗ್ನಲ್ ಸಿಗದ ಕಡೆಯೇ ಅಲ್ವಾ ಜಾಸ್ತಿ ಓದುವುದು?

ಪದಗಳಿಗೂ ಇದೇ ಬೇಕು. ಗೊರಬು, ಸಂಕ, ದರೆ ಇಂಥವು ಮಲೆನಾಡಿನ ಹೊರಗಿನವರಿಗೆ ಗೊತ್ತಿರುವುದಿಲ್ಲ. ಪುಸ್ತಕದ ಕೊನೆಯಲ್ಲಿ ಅರ್ಥಕೋಶ ಕೊಡುವ ಪ್ರಕಾಶಕರು ಇದ್ದಾರೆ. ಇ-ಪುಸ್ತಕದಲ್ಲೂ ಅದು ಕೊನೆಯಲ್ಲೇ ಬಿದ್ದಿರುತ್ತದೆ. ಪದ ಎಲ್ಲಿದೆಯೋ ಅಲ್ಲಿಗೇ ಅದು ಬರಬೇಕು.

ನಿಮಗೆಲ್ಲ ಏನೇನು ಬೇಕು, ಬರೆಯಿರಿ.

ರಾತ್ರಿಓದು

ಮೊದಲು ಅಡಿಟಿಪ್ಪಣಿ ಸರಿಹೋಗಲಿ ಸಾರ್. ಆ ಪುಟ್ಟ ಅಂಕಿ ಒತ್ತಲು ಹೋದರೆ ಪುಟ ಮಗುಚಿಕೊಳ್ಳುತ್ತದೆ. ಅಂಕಿಯ ಪಕ್ಕದ ಪದ ಒತ್ತಿದರೂ ಟಿಪ್ಪಣಿ ತೆರೆಯುವ ಹಾಗಿರಬೇಕು.

ಇನ್ನೊಂದು. ನಮ್ಮ ಅಪ್ಪ ಅಕ್ಷರ ತುಂಬಾ ದೊಡ್ಡದಿಟ್ಟು ಓದುತ್ತಾರೆ. ಟಿಪ್ಪಣಿಯ ಚೌಕಟ್ಟಿನಲ್ಲಿ ಮಾತ್ರ ಅಕ್ಷರ ಚಿಕ್ಕದಾಗೇ ಇರುತ್ತದೆ. ಸಾಲಿನ ಅಂತರವೂ ಕಮ್ಮಿ, ಹಾಗಾಗಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ‘ಶಾಸ್ತ್ರ’ ಅಂತ ಬಂದರೆ ‘ತ್ರ’ದ ಜಾಗದಲ್ಲಿ ಏನಿದೆ ಅಂತ ಊಹೆ ಮಾಡಬೇಕು. ಪುಟಕ್ಕೆ ಯಾವ ಅಳತೆ ಇಟ್ಟಿದ್ದೇವೋ ಟಿಪ್ಪಣಿಗೂ ಅದೇ ಅಳತೆ, ಅದೇ ಅಂತರ ಇರಲಿ.

ಅಚ್ಚುಮೊಳೆ

ನಾನು ಪ್ರಕಾಶಕರಿಗೆ ಪುಟ ಜೋಡಿಸಿಕೊಡುವವನು, ಈಗ ಇ-ಪುಸ್ತಕಗಳನ್ನೂ ಮಾಡುತ್ತೇನೆ. ಒಳಗಿನ ಸಂಗತಿ ಸ್ವಲ್ಪ ಹೇಳುತ್ತೇನೆ.

ಟಿಪ್ಪಣಿಗೆ ದಾರಿ ಇದೆ. ಇಪಬ್ ಅಂದರೆ ಇ-ಪುಸ್ತಕದ ಫೈಲಿನ ಒಂದು ಮಾದರಿ. ಅದರ ಮೂರನೇ ಆವೃತ್ತಿ, ಇಪಬ್ 3, ಬಂದದ್ದೂ 2011ರಲ್ಲೇ. ಟಿಪ್ಪಣಿಯ ಅಂಕಿಗೆ ‘ನೋಟ್‌ರೆಫ್’, ಟಿಪ್ಪಣಿಗೆ ‘ಫುಟ್‌ನೋಟ್’ ಅಂತ ಒಳಗೆ ಗುರುತು ಹಾಕಬಹುದು. ಹಾಕಿದರೆ ಆಪಲ್ ಬುಕ್ಸ್‌ನಂಥ ಆ್ಯಪ್‌ನಲ್ಲಿ ಟಿಪ್ಪಣಿ ಅದೇ ಪುಟದ ಮೇಲೆ ತೆರೆದುಕೊಳ್ಳುತ್ತದೆ. 2015ರಲ್ಲಿ ಇನ್ನೂ ಮುಂದೆ ಹೋಗಿ, ಪುಸ್ತಕದೊಳಗಿನ ಶಬ್ದಾರ್ಥ ಪಟ್ಟಿಗೆ ಒಂದು, ಪದಸೂಚಿಗೆ ಒಂದು ಅಂತ ಬೇರೆ ಬೇರೆ ನಿಯಮಾವಳಿ ಬರೆದರು. ಸಂಕದಾಚೆ ಅವರು ಕೇಳುತ್ತಿರುವುದರ ಅರ್ಧಭಾಗ ಅದರಲ್ಲಿದೆ. ಮೂಲಪದದ ಜೊತೆ ಅದರ ಬೇರೆ ರೂಪಗಳನ್ನೂ ಬರೆದಿಡಲು ಜಾಗ ಇದೆ. ಆದರೆ ಓದುವ ಸಾಧನ ಮಾಡುವವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಿಯಮ ಕಾಗದದ ಮೇಲೇ ಉಳಿಯಿತು.

ನಮ್ಮ ಕಡೆಯ ತೊಡಕು ಬೇರೆ. ಹಳೆಯ ಪುಸ್ತಕಗಳ ಫೈಲುಗಳು ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ, ‘ನುಡಿ’ ಇಲ್ಲವೇ ‘ಬರಹ’ ಅನ್ನುವ ಕನ್ನಡ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಇರುತ್ತವೆ. ಅದನ್ನು ಈಗ ಎಲ್ಲ ಕಡೆ ಬಳಸುವ ಯುನಿಕೋಡ್ ಅಕ್ಷರ ಸಂಕೇತಕ್ಕೆ ತಿರುಗಿಸಿದರೆ ಅರ್ಕಾವೊತ್ತು ಜಾಗ ಬಿಟ್ಟು ಕೂರುತ್ತದೆ. ಅಡಿಟಿಪ್ಪಣಿ ಎದ್ದು ಬಂದು ವಾಕ್ಯದ ನಡುವೆ ಸೇರಿಕೊಳ್ಳುತ್ತದೆ. ಅದನ್ನೆಲ್ಲ ಬಿಡಿಸಿ ಕರಡು ತಿದ್ದುವಷ್ಟರಲ್ಲಿ ಕೊಟ್ಟ ಸಮಯ ಮುಗಿದಿರುತ್ತದೆ. ಆಮೇಲೆ ‘ಕೊನೆಯ ಅರ್ಥಕೋಶಕ್ಕೆ ಕೊಂಡಿ ಹಾಕೋಣವೇ?’ ಅಂತ ಕೇಳಿದರೆ ‘ಮುಂದಿನ ಸಲ ನೋಡೋಣ’ ಅನ್ನುವ ಉತ್ತರ ಬರುತ್ತದೆ. ಅವರನ್ನೂ ದೂರುವ ಹಾಗಿಲ್ಲ. ಇ-ಪುಸ್ತಕದಿಂದ ಬರುವ ದುಡ್ಡು ಆ ಕೂಲಿಗೂ ಸಾಲುವುದಿಲ್ಲ.

ಹಾಗಾಗಿ ಏನೇ ಯೋಜನೆ ಮಾಡಿದರೂ ಪುಸ್ತಕದ ಫೈಲನ್ನು ಮುಟ್ಟದೆ, ಹೊರಗಿನಿಂದ ಸೇರಿಸುವ ಹಾಗಿದ್ದರೆ ಮಾತ್ರ ನಡೆಯುತ್ತದೆ.

ಗಮಕಪ್ರಿಯೆ

ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗ ಕಣ್ಣಿಗೆ ಅನುಕೂಲ ಅಂತ ಇ-ರೀಡರ್‌ನಲ್ಲೇ ಓದುತ್ತೇನೆ. ನೀವೆಲ್ಲ ಕಾದಂಬರಿಯ ಮಾತಾಡುತ್ತಿದ್ದೀರಿ. ಹಳೆಯ ಕಾವ್ಯಕ್ಕೆ ಇದು ಇನ್ನೂ ಹೆಚ್ಚು ಬೇಕು.

ಕುಮಾರವ್ಯಾಸನಲ್ಲಿ ಅರ್ಜುನ ಒಬ್ಬನೇ ಎಷ್ಟು ಹೆಸರಿನಲ್ಲಿ ಬರುತ್ತಾನೆ ನೋಡಿ. ಪಾರ್ಥ, ಫಲುಗುಣ, ಧನಂಜಯ, ಕಿರೀಟಿ, ಸವ್ಯಸಾಚಿ, ಕೆಲವು ಕಡೆ ಬರೀ ನರ. ಮೊದಲ ಸಲ ಓದುವ ಹುಡುಗರು ಇವರೆಲ್ಲ ಬೇರೆ ಬೇರೆ ಜನ ಅಂದುಕೊಂಡು ಗೊಂದಲಕ್ಕೆ ಬೀಳುತ್ತಾರೆ. ‘ನರ’ ಒತ್ತಿದರೆ ನಿಘಂಟು ‘ಮನುಷ್ಯ’ ಅನ್ನುತ್ತದೆ. ಹಾಗಂತ ‘ನರ’ ಅಂತ ಶುರುವಾಗುವುದೆಲ್ಲ ಅರ್ಜುನ ಅಂತ ಲೆಕ್ಕ ಹಾಕಿದರೆ ‘ನರನಾಥ’ನೂ ಅರ್ಜುನನೇ ಆಗಿಬಿಡುತ್ತಾನೆ. ನರನಾಥ ಅಂದರೆ ರಾಜ. ಯಾವ ರಾಜ ಅನ್ನುವುದು ಆ ಪದ್ಯದಲ್ಲೇ ಗೊತ್ತಾಗಬೇಕು.

ಪಂಪನಲ್ಲಿ ಇನ್ನೂ ಒಂದು ಮಡಿಕೆ ಇದೆ. 941ರಲ್ಲಿ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನಿಗೆ ತನ್ನ ದೊರೆ ಅರಿಕೇಸರಿಯನ್ನೇ ಹೊಂದಿಸಿ ಹೇಳಿದ್ದಾನೆ. ಅರಿಗ, ಗುಣಾರ್ಣವ, ಉದಾತ್ತನಾರಾಯಣ, ಇವು ದೊರೆಯ ಬಿರುದುಗಳು. ಕತೆಯಲ್ಲಿ ಅವು ಅರ್ಜುನನ ಹೆಸರಾಗಿ ಓಡಾಡುತ್ತವೆ. ‘ಅರಿಗ’ ಒತ್ತಿದರೆ ‘ಅರ್ಜುನ’ ಅಂತಷ್ಟೇ ಹೇಳಿದರೆ ಅರ್ಧ ಹೇಳಿದ ಹಾಗೆ. ‘ಅರಿಕೇಸರಿ’ ಅಂತಷ್ಟೇ ಅಂದರೂ ಅರ್ಧವೇ. ಎರಡೂ ಒಂದೇ ಸಾಲಿನಲ್ಲಿ ಬರಬೇಕು.

ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ. ಒಳ್ಳೆಯ ವ್ಯಾಖ್ಯಾನಕಾರರು ಆ ಪದ್ಯಕ್ಕೆ ಎಷ್ಟು ಬೇಕೋ ಅಷ್ಟು ಹೇಳಿ ವಾಚನಕ್ಕೆ ದಾರಿ ಬಿಡುತ್ತಾರೆ. ನೀವು ಹೇಳುವ ಆ ಮೂರು ನಾಲ್ಕು ಸಾಲು ಹಾಗಿರಬೇಕು. ಪದ್ಯ ಮರೆತುಹೋಗುವಷ್ಟು ಉದ್ದ ಇರಬಾರದು.

ಕೋಡ್‌ಕಟ್ಟೆ

ಗಮಕಪ್ರಿಯೆ ಮೇಡಂ ಹೇಳಿದ ‘ನರ–ನರನಾಥ’ ತುಂಬಾ ಮುಖ್ಯ. ಯಂತ್ರಕ್ಕೆ ಇದು ಎಲ್ಲಿ ಕಷ್ಟ, ಎಲ್ಲಿ ಸುಲಭ ಅಂತ ಬಿಡಿಸಿ ಹೇಳುತ್ತೇನೆ.

ಓದುಗರು ಒತ್ತಿದ ಪದದಿಂದ ಪ್ರತ್ಯಯ ಕಿತ್ತು ಮೂಲ ಹುಡುಕುವುದು ಕಷ್ಟ. ‘ಗುತ್ತಿಗೆ’ಯಿಂದ ‘ಗೆ’ ಕಿತ್ತರೆ ಗುತ್ತಿ ಸಿಗುತ್ತದೆ, ಸರಿ. ಅದೇ ನಿಯಮ ‘ಮಲ್ಲಿಗೆ’ಗೆ ಹಾಕಿದರೆ ಇಲ್ಲದ ‘ಮಲ್ಲಿ’ ಹುಟ್ಟುತ್ತಾಳೆ. ‘ಕೃಷ್ಣೆಯ’ ಪದವನ್ನು ಜಾಸ್ತಿ ಕತ್ತರಿಸಿದರೆ ದ್ರೌಪದಿ ಹೋಗಿ ಕೃಷ್ಣ ಬರುತ್ತಾನೆ. ಸಂಧಿ ಬಂದರಂತೂ ಮುಗಿಯಿತು.

ಆದರೆ ನಮಗೆ ಇಡೀ ಕನ್ನಡ ಬೇಕಾಗಿಲ್ಲ. ಒಂದು ಪುಸ್ತಕದ ಹೆಸರುಗಳು ಮಾತ್ರ ಸಾಕು. ಆಗ ತಿರುಗಾಮುರುಗಾ ಮಾಡಬಹುದು. ಮೂಲ ಹೆಸರಿನಿಂದ ಹೊರಟು ಎಲ್ಲ ರೂಪಗಳನ್ನೂ ಮೊದಲೇ ಹುಟ್ಟಿಸಿ ಪಟ್ಟಿಯಲ್ಲಿ ಇಡುವುದು. ಗುತ್ತಿ, ಗುತ್ತಿಯ, ಗುತ್ತಿಗೆ, ಗುತ್ತಿಗೂ, ಗುತ್ತಿಯನ್ನು, ಗುತ್ತಿಯಿಂದ, ಗುತ್ತಿಯೊಡನೆ, ಗುತ್ತಿಯೂ, ಗುತ್ತಿಯೇ. ‘ಇ’, ‘ಎ’ಯಲ್ಲಿ ಮುಗಿದರೆ ‘ಯ’ ಬರುತ್ತದೆ. ಗಂಡಸರ ಹೆಸರು ‘ಅ’ದಲ್ಲಿ ಮುಗಿದರೆ ‘ನ’ ಬರುತ್ತದೆ. ಕುಮಾರವ್ಯಾಸನಿಗೆ ಬೇರೆ ಸಾಲು ಸೇರಿಸಬೇಕು: ಪಾರ್ಥಂಗೆ, ಪಾರ್ಥನನು, ಪಾರ್ಥನಲಿ. ಹೆಸರಿಗೆ ಕೆಲವು ಹತ್ತು ರೂಪ ಆಗಬಹುದು. ನೂರು ಹೆಸರು ಇದ್ದರೂ ಕಂಪ್ಯೂಟರಿಗೆ ಅದು ಏನೂ ಅಲ್ಲ. 512 ಎಂಬಿ ರ‍್ಯಾಮ್ ಇರುವ ಹಳೆಯ ಇ-ರೀಡರ್ ಕೂಡ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹುಡುಕುತ್ತದೆ.

ಇದನ್ನು ಇವತ್ತೇ ಮಾಡಬಹುದು ಅನ್ನುವುದು ನನ್ನ ಮುಖ್ಯ ಮಾತು. ಕೆಓರೀಡರ್ ಅಂತ ಒಂದು ಮುಕ್ತ ತಂತ್ರಾಂಶ ಇದೆ. ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಎಲ್ಲದರಲ್ಲೂ ನಡೆಯುತ್ತದೆ. ಅದು ಸ್ಟಾರ್‌ಡಿಕ್ಟ್ ಮಾದರಿಯ ನಿಘಂಟು ಬಳಸುತ್ತದೆ. ಈ ಮಾದರಿಯಲ್ಲಿ ‘ಸಿನ್’ ಅನ್ನುವ ಒಂದು ಫೈಲು ಇರುತ್ತದೆ. ‘ಈ ಪದ ಒತ್ತಿದರೆ ಆ ಮೂಲಪದದ ಅರ್ಥ ತೋರಿಸು’ ಅಂತ ಹೇಳುವುದೇ ಅದರ ಕೆಲಸ. ಬೇರೆ ಹೆಸರುಗಳು, ವಿಭಕ್ತಿ ರೂಪಗಳು ಎಲ್ಲ ಅಲ್ಲಿಗೆ ಹೋಗುತ್ತವೆ. ಅಂದರೆ ಪುಸ್ತಕಕ್ಕೊಂದು ಪುಟ್ಟ ನಿಘಂಟು. ಅಚ್ಚುಮೊಳೆ ಅವರು ಹೇಳಿದ ಹಾಗೆ ಪುಸ್ತಕದ ಫೈಲನ್ನು ಮುಟ್ಟುವುದೇ ಬೇಡ. ಯಾವ ಪುಸ್ತಕಕ್ಕೆ ಯಾವ ನಿಘಂಟು ಮೊದಲು ಅಂತ ಕೆಓರೀಡರ್‌ನಲ್ಲಿ ಪುಸ್ತಕವಾರು ಹೊಂದಿಸಲೂಬಹುದು.

ಒಂದು ಎಚ್ಚರಿಕೆ. ಯುನಿಕೋಡಿನಲ್ಲಿ ‘ಕೊ’ ಅನ್ನುವುದರ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹುಡುಕುವಾಗ ಬೇರೆ. ‘ರಾಜ್‌ಕುಮಾರ್’ ಥರದ ಪದದಲ್ಲಿ ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಕಾಣದ ಗುರುತು ಬೇರೆ ಕೂತಿರುತ್ತದೆ. ಪುಸ್ತಕದಲ್ಲಿ ಒಂದು ಥರ, ನಿಘಂಟಿನಲ್ಲಿ ಇನ್ನೊಂದು ಥರ ಇದ್ದರೆ ‘ಸಿಗಲಿಲ್ಲ’ ಅನ್ನುತ್ತದೆ. ಪಟ್ಟಿ ಮಾಡುವಾಗಲೇ ಎರಡೂ ರೂಪ ಹಾಕಿಬಿಡಬೇಕು.

ಡಬ್ಲಿನ್ ಕನ್ನಡಿಗ

ಹೊರದೇಶದಲ್ಲಿ ಇರುವವರ ಕಡೆಯಿಂದ ಒಂದು ಮಾತು. ಇಲ್ಲಿ ಬೆಳೆದ ಮಕ್ಕಳು ಕನ್ನಡ ಓದುವಾಗ ಇಂಗ್ಲಿಷ್ ಅರ್ಥವೂ ಬೇಕಾಗುತ್ತದೆ. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿ ಸಿಕ್ಕಿತು, ಒಂದೂವರೆ ಲಕ್ಷಕ್ಕೂ ಜಾಸ್ತಿ ಪದ ಇವೆ. ಪುಸ್ತಕದ ನಿಘಂಟಿನಲ್ಲಿ ಸಿಗದಿದ್ದರೆ ತಾನಾಗೇ ಅದಕ್ಕೆ ಹೋಗುವ ಹಾಗಿದ್ದರೆ ಚೆನ್ನ.

ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ಕೈಯಲ್ಲಿ ಯಾಕೆ ಮಾಡಬೇಕು? ಪುಸ್ತಕವನ್ನು ಎಐಗೆ ಕೊಟ್ಟು ‘ಇವರು ಯಾರು’ ಅಂತ ಕೇಳಿದರೆ ಆಗುವುದಿಲ್ಲವೇ?

ಸಂಕದಾಚೆ

ಡಬ್ಲಿನ್ ಕನ್ನಡಿಗರೇ, ಅಲರ್ ಬಗ್ಗೆ ಪೂರ್ತಿ ಒಪ್ಪುತ್ತೇನೆ. ಮೊದಲು ಪುಸ್ತಕದ ಪಟ್ಟಿ, ಆಮೇಲೆ ದೊಡ್ಡ ನಿಘಂಟು. ಈ ಕ್ರಮ ತಲೆಕೆಳಗಾದರೆ ಮತ್ತೆ ‘ಗುತ್ತಿಗೆ ಅಂದರೆ ಕಂಟ್ರಾಕ್ಟು’ ಅನ್ನುವಲ್ಲಿಗೇ ಬಂದು ನಿಲ್ಲುತ್ತೇವೆ.

ಎಐ ಬಗ್ಗೆ: ಕರಡು ಪಟ್ಟಿ ಮಾಡಿಕೊಳ್ಳಲು ಬಳಸುವವರು ಬಳಸಲಿ. ಆದರೆ ಓದುಗರ ಮುಂದೆ ನೇರವಾಗಿ ಅದನ್ನು ಇಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಇಲ್ಲದ ಸಂಬಂಧವನ್ನು ಅದು ನಂಬುವ ಹಾಗೆ ಹೇಳಿಬಿಡಬಹುದು. ಓದುತ್ತಾ ಇರುವವರಿಗೆ ಅದು ಸುಳ್ಳು ಅಂತ ತಿಳಿಯುವ ದಾರಿಯೇ ಇಲ್ಲ, ಯಾಕೆಂದರೆ ಗೊತ್ತಿಲ್ಲದ್ದಕ್ಕೇ ಅವರು ಕೇಳಿದ್ದು. ಒಬ್ಬರು ಓದಿ, ಬರೆದು, ಇನ್ನೊಬ್ಬರು ನೋಡಿದ ಎರಡು ಸಾಲನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ‘ಓದಿದಲ್ಲಿಯವರೆಗೆ ಮಾತ್ರ’ ಅನ್ನುವುದರ ಬಗ್ಗೆ ಸ್ವಲ್ಪ ಯೋಚನೆ ಮಾಡಬೇಕು. ಇದು ಹೇಳಿದಷ್ಟು ಸುಲಭ ಇಲ್ಲ. ಸಾಧನ ಎರಡು ಜಾಗ ನೆನಪಿಟ್ಟುಕೊಳ್ಳಬಹುದು: ಈಗ ತೆರೆದಿರುವ ಪುಟ, ಇದುವರೆಗೆ ಮುಟ್ಟಿದ ಅತಿ ಮುಂದಿನ ಪುಟ. ಹಿಂದಿನ ಅಧ್ಯಾಯ ಮತ್ತೆ ನೋಡುವಾಗ ಎರಡನೆಯದೇ ಬೇಕು. ಆದರೆ ಅಧ್ಯಾಯ ಎಷ್ಟು ಉದ್ದ ಇದೆ ಅಂತ ಸುಮ್ನೆ ಮುಂದೆ ಹೋಗಿ ನೋಡಿ ಬಂದರೆ ಅದೂ ‘ಓದಿದ್ದು’ ಅಂತ ಲೆಕ್ಕಕ್ಕೆ ಸೇರಿಬಿಡುತ್ತದೆ. ಮುಂದಿನ ಗುಟ್ಟೆಲ್ಲ ತೆರೆದುಕೊಳ್ಳುತ್ತದೆ. ಪುಟದಿಂದ ಪುಟಕ್ಕೆ ನಡೆದು ಹೋದರೆ ಮಾತ್ರ ಓದಿದ್ದು, ಹಾರಿ ಹೋದರೆ ಅಲ್ಲ, ಅಂತ ಮಾಡಬಹುದು. ಅಚ್ಚಿನಲ್ಲಿ ಅರ್ಧ ಓದಿ ಇಲ್ಲಿ ಮುಂದುವರಿಸುವವರಿಗೆ ‘ಇಲ್ಲಿಯವರೆಗೆ ಓದಿದ್ದೇನೆ’ ಅಂತ ಗುರುತು ಹಾಕಲು ಒಂದು ಗುಂಡಿ ಕೊಡಬೇಕು.

ಪರಿಚಯದ ಸಾಲುಗಳನ್ನೂ ಹಾಗೇ ಬರೆಯಬೇಕು. ಒಬ್ಬರಿಗೆ ಒಂದೇ ಪರಿಚಯ ಸಾಲದು. ಮೂರನೇ ಅಧ್ಯಾಯದಲ್ಲಿ ‘ಕೋಣೂರಿಗೆ ಬಂದ ನೆಂಟ’ ಅಂತಿದ್ದವನು ಇಪ್ಪತ್ತನೆಯದರಲ್ಲಿ ಮನೆಯ ಅಳಿಯ ಆಗಿರಬಹುದು. ಇದು ಉದಾಹರಣೆಗೆ ಹೇಳಿದ್ದು, ಯಾವ ಕಾದಂಬರಿಯ ಕತೆಯೂ ಅಲ್ಲ. ಪ್ರತಿ ಸಾಲಿಗೂ ‘ಈ ಅಧ್ಯಾಯ ದಾಟಿದ ಮೇಲೆ ತೋರಿಸು’ ಅನ್ನುವ ಗುರುತು ಬೇಕು.

ರಾತ್ರಿಓದು

ಪಟ್ಟಿಯಲ್ಲಿ ಯಾರು ಇರಬೇಕು ಅಂತ ಯಾರು ತೀರ್ಮಾನ ಮಾಡುವುದು? ಎಷ್ಟು ಸಲ ಹೆಸರು ಬಂತು ಅಂತ ಎಣಿಸಿ ಮೊದಲ ಇಪ್ಪತ್ತು ಜನರನ್ನು ಹಾಕುತ್ತಾರಾ?

ಸಂಕದಾಚೆ

ಬೇಡವೇ ಬೇಡ. ಪದೇ ಪದೇ ಬರುವವರು ನಮಗೆ ಹೇಗೂ ನೆನಪಿರುತ್ತಾರೆ. ಮರೆತುಹೋಗುವುದು ಅಪರೂಪಕ್ಕೆ ಬರುವವರು. ಮಲೆಗಳಲ್ಲಿ ಮದುಮಗಳು ಥರದ ಕಾದಂಬರಿಯಲ್ಲಿ ಕಮ್ಮಿ ಸಲ ಬಂದವರನ್ನು ಬಿಟ್ಟುಬಿಟ್ಟರೆ ಆ ಪುಸ್ತಕವನ್ನೇ ಸರಿಯಾಗಿ ಓದಲಿಲ್ಲ ಅಂತ ಅರ್ಥ. ಹೆಸರಿರುವ ಪ್ರತಿಯೊಬ್ಬರೂ ಪಟ್ಟಿಯಲ್ಲಿ ಇರಬೇಕು. ಗುತ್ತಿಯ ನಾಯಿ ಹುಲಿಯನೂ ಇರಬೇಕು.

ದನಿಯೋದು

ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು ಇ-ಸ್ಪೀಕ್‌ನ ಕನ್ನಡ ದನಿಯಲ್ಲಿ ಪುಸ್ತಕ ಕೇಳುತ್ತೇನೆ. ಇ-ಪುಸ್ತಕ ತೆರೆಯಲು ಥೋರಿಯಂ ರೀಡರ್ ಬಳಸುತ್ತೇನೆ. ಇಲ್ಲಿ ಎಲ್ಲರೂ ‘ಒತ್ತಿದರೆ’ ಅಂತ ಬರೆಯುತ್ತಿದ್ದೀರಿ, ಹಾಗಾಗಿ ನಮ್ಮ ಕಡೆಯದನ್ನೂ ಹೇಳಬೇಕು ಅನ್ನಿಸಿತು.

ಟಿಪ್ಪಣಿಯ ಅಂಕಿಗೆ ಸರಿಯಾದ ಗುರುತು ಇಲ್ಲದಿದ್ದರೆ ದನಿ ಅದನ್ನು ವಾಕ್ಯದ ಭಾಗ ಅಂತಲೇ ಓದುತ್ತದೆ. ‘ಅವರು ಮೈಸೂರಿಗೆ ಹೋದರು ಹದಿನೇಳು ಅಲ್ಲಿಂದ ಮರಳಿ’ ಅಂತ ಕೇಳಿಸುತ್ತದೆ. ಏನು ಹದಿನೇಳು ಅಂತ ಮತ್ತೆ ಹಿಂದಕ್ಕೆ ಹೋಗಿ ಕೇಳಬೇಕು. ‘ಇದು ಟಿಪ್ಪಣಿ’, ‘ಇದು ವಾಪಸ್ ಹೋಗುವ ಕೊಂಡಿ’ ಅಂತ ಗುರುತು ಹಾಕಲು, ವೆಬ್‌ಗೆ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2017ರಲ್ಲೇ ನಿಯಮ ಕೊಟ್ಟಿದೆ. ಪುಸ್ತಕ ಮಾಡುವವರು ಅದನ್ನು ಹಾಕಿದರೆ ಸಾಕು, ನಮ್ಮ ತಂತ್ರಾಂಶ ಉಳಿದದ್ದು ನೋಡಿಕೊಳ್ಳುತ್ತದೆ.

ಪಾತ್ರಗಳ ಪಟ್ಟಿಗೆ ನನ್ನ ಕೋರಿಕೆ ಒಂದೇ. ಪ್ರತಿ ಹೆಸರಿಗೂ ‘ಕೊಂಡಿ, ಕೊಂಡಿ’ ಅಂತ ಹೇಳಿಸಬೇಡಿ. ಪುಟದಲ್ಲಿ ಮೂವತ್ತು ಹೆಸರಿದ್ದರೆ ಮೂವತ್ತು ಸಲ ಕೊಂಡಿ ಅಂತ ಕೇಳಬೇಕಾಗುತ್ತದೆ. ಕತೆ ಕೇಳಲು ಆಗುವುದಿಲ್ಲ. ನಾನು ಒಂದು ಕೀಲಿ ಒತ್ತಿದಾಗ ಮಾತ್ರ ‘ಈ ಹೆಸರಿನವರು ಯಾರು’ ಅಂತ ಹೇಳಲಿ. ಹೇಳಿ ಮುಗಿದ ಮೇಲೆ ಬಿಟ್ಟ ಪದದಿಂದಲೇ ಓದು ಮುಂದುವರಿಯಲಿ.

ಕೋಡ್‌ಕಟ್ಟೆ

ದನಿಯೋದು ಅವರೇ, ಇದು ಎಲ್ಲರಿಗೂ ಅನ್ವಯಿಸುವ ಮಾತು. ಕಾಣುವವರಿಗೂ ಪುಟದ ತುಂಬ ಅಡಿಗೆರೆ ಹಾಕಿದರೆ ಓದಲು ಕಿರಿಕಿರಿ. ಗುರುತು ಕಾಣಬಾರದು, ಕೇಳಿಸಲೂಬಾರದು, ಕೇಳಿದಾಗ ಮಾತ್ರ ಉತ್ತರ. ನಿಘಂಟಿನ ದಾರಿ ಹಿಡಿದರೆ ಇದು ತಾನಾಗೇ ಸಿಗುತ್ತದೆ, ಪುಸ್ತಕದೊಳಗೆ ಕೊಂಡಿಯೇ ಇರುವುದಿಲ್ಲ.

ಸಂಕದಾಚೆ ಅವರ ‘ಅಧ್ಯಾಯ ದಾಟಿದ ಮೇಲೆ ತೋರಿಸು’ ಮಾತ್ರ ಸ್ಟಾರ್‌ಡಿಕ್ಟ್‌ನಲ್ಲಿ ಆಗುವುದಿಲ್ಲ. ನಾವು ಯಾವ ಪುಟದಲ್ಲಿದ್ದೇವೆ ಅಂತ ನಿಘಂಟಿಗೆ ತಿಳಿಯುವುದಿಲ್ಲ. ಕೆಓರೀಡರ್‌ಗೆ ಒಂದು ಪ್ಲಗಿನ್, ಅಂದರೆ ಹೊರಗಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಂ, ಬರೆಯಬೇಕಾಗುತ್ತದೆ. ಕೆಓರೀಡರ್ ಇರುವುದು ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಬರೆಯಬಹುದು. ಆದರೆ ಮೊದಲ ಹೆಜ್ಜೆಗೇ ಅಷ್ಟು ದೊಡ್ಡ ಕೆಲಸ ಹೊತ್ತುಕೊಳ್ಳುವುದು ಬೇಡ.

ಗಮಕಪ್ರಿಯೆ

ಹಾಗಾದರೆ ಕುಮಾರವ್ಯಾಸನಿಂದಲೇ ಶುರುಮಾಡಿ. ಭಾರತದ ಕತೆ ಮುಂದೇನು ಅಂತ ಗೊತ್ತಾದರೆ ಯಾರಿಗೂ ನಷ್ಟ ಇಲ್ಲ. ಗದೆ ಯಾರ ತೊಡೆಗೆ ಬೀಳುತ್ತದೆ ಅಂತ ಗೊತ್ತಿದ್ದೇ ಎಲ್ಲರೂ ಕೇಳಲು ಕೂರುವುದು. ಅಲ್ಲಿ ಬೇಕಾದದ್ದು ಹೆಸರು, ಬಿರುದು, ಪದ ಬಿಡಿಸಿದ ರೂಪ. ಅಧ್ಯಾಯದ ಲೆಕ್ಕ ಕಾದಂಬರಿಗೆ ಇರಲಿ.

ಒಂದು ತೊಡಕು ಮಾತ್ರ ನಿಮ್ಮ ಗಮನಕ್ಕೆ ತರಬೇಕು. ಷಟ್ಪದಿಯಲ್ಲಿ ಪದ ಸಾಲಿನ ಕೊನೆಯಲ್ಲಿ ತುಂಡಾಗುತ್ತದೆ. ಮೊದಲ ಪದ್ಯದಲ್ಲೇ ನೋಡಿ. ‘ರಾಜೀವ’ದ ‘ರಾ’ ಮೊದಲ ಸಾಲಿನ ಕೊನೆಯಲ್ಲಿದೆ, ‘ಜೀವ’ ಎರಡನೇ ಸಾಲಿನ ಶುರುವಿನಲ್ಲಿದೆ. ಪ್ರಾಸ, ಮಾತ್ರೆ ಎರಡೂ ಕೂಡಬೇಕಾದ್ದರಿಂದ ಹಾಗೆ. ಓದುಗರು ‘ಜೀವ’ ಒತ್ತಿದರೆ ‘ಪ್ರಾಣ’ ಅಂತ ಅರ್ಥ ಬರುತ್ತದೆ. ನಿಜಕ್ಕೂ ಅಲ್ಲಿರುವುದು ರಾಜೀವಪೀಠ, ಅಂದರೆ ತಾವರೆಯಲ್ಲಿ ಕೂತ ಬ್ರಹ್ಮ. ಅವನ ಪಿತ ಅಂದರೆ ವಿಷ್ಣು. ಹೆಸರನ್ನೇ ಹೇಳದೆ ಎರಡು ಹೆಜ್ಜೆ ಸುತ್ತಿ ಹೇಳುವ ರೀತಿ ಇದು. ಇಡೀ ಕಾವ್ಯದಲ್ಲಿ ಇಂಥವು ತುಂಬಿವೆ. ಅರ್ಥ ಬರೆಯುವವರು ‘ರಾಜೀವಪೀಠನ ಪಿತ’ ಅಂತ ಪೂರ್ತಿ ತಗೊಂಡು ಬರೆಯಬೇಕು, ತುಂಡು ತುಂಡಾಗಿ ಅಲ್ಲ.

ಕೋಡ್‌ಕಟ್ಟೆ

ಮೇಡಂ, ಇದಕ್ಕೆ ದಾರಿ ಇದೆ. ಸಾಲು ಒಡೆದ ಪದಗಳ ತುಂಡುಗಳನ್ನೂ ‘ಸಿನ್’ ಫೈಲಿಗೆ ಹಾಕುವುದು. ‘ಜೀವ’ ಒತ್ತಿದರೆ ಎರಡು ಅರ್ಥ ಬರಲಿ: ಒಂದು ಜೀವ, ಇನ್ನೊಂದು ‘ರಾಜೀವಪೀಠನ ಪಿತ, ಮೊದಲ ಪದ್ಯ’. ಪದ್ಯದ ಸಂಖ್ಯೆ ಪಕ್ಕದಲ್ಲಿದ್ದರೆ ಯಾವುದು ತಮಗೆ ಬೇಕಾದದ್ದು ಅಂತ ಓದುಗರಿಗೆ ತಿಳಿಯುತ್ತದೆ. ಇನ್ನೊಂದು ದಾರಿ, ಬೆರಳನ್ನು ಎರಡು ಸಾಲಿನ ಮೇಲೆ ಎಳೆದು ಆರಿಸುವುದು. ಆಗ ಸಾಧನ ‘ರಾ ಜೀವ’ ಅಂತ ನಡುವೆ ಜಾಗ ಬಿಟ್ಟು ಹುಡುಕಬಹುದು. ಹಾಗಾಗಿ ಜಾಗ ಇರುವ ರೂಪವನ್ನೂ ಸೇರಿಸೋಣ.

ಅಚ್ಚುಮೊಳೆ

ಕುಮಾರವ್ಯಾಸ ಅಂದರೆ ನನಗೂ ಒಪ್ಪಿಗೆ. ಹಕ್ಕಿನ ತಕರಾರು ಕಮ್ಮಿ. ಮೂಲ ಕಾವ್ಯಕ್ಕೆ ಕಾಪಿರೈಟ್ ಇಲ್ಲ, ಕನ್ನಡ ವಿಕಿಸೋರ್ಸ್‌ನಲ್ಲೂ ಪಠ್ಯ ಇದೆ. ಆದರೆ ಈಚಿನ ಸಂಪಾದಕರು ಬರೆದ ಟಿಪ್ಪಣಿ, ಗದ್ಯಾನುವಾದ ಇವುಗಳಿಗೆ ಹಕ್ಕು ಇರುತ್ತದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಹಾಗಾಗಿ ಯಾರ ಟಿಪ್ಪಣಿಯನ್ನೂ ನಕಲು ಮಾಡದೆ ನಮ್ಮ ಮಾತಿನಲ್ಲೇ ಬರೆಯಬೇಕು.

ಪಟ್ಟಿಯನ್ನು ಮಾಮೂಲಿ ಸ್ಪ್ರೆಡ್‌ಶೀಟಿನಲ್ಲಿ ಇಡೋಣ. ಬರೆಯುವವರಿಗೆ ಕೋಡ್ ಗೊತ್ತಿರಬೇಕಾಗಿಲ್ಲ. ಮೂಲ ಹೆಸರು, ಬೇರೆ ಹೆಸರುಗಳು, ಎರಡು ಸಾಲಿನ ಪರಿಚಯ, ಮೊದಲು ಬರುವ ಪರ್ವ–ಸಂಧಿ–ಪದ್ಯ. ಇನ್ನೊಂದು ಅಂಕಣ ಖಾಲಿ ಬಿಡಿ, ಮುಂದೆ ಕಾದಂಬರಿಗೆ ‘ಯಾವ ಅಧ್ಯಾಯದ ಮೇಲೆ ತೋರಿಸಬೇಕು’ ಅಂತ ಬರೆಯಲು. ಸ್ಪ್ರೆಡ್‌ಶೀಟಿನಿಂದ ಸ್ಟಾರ್‌ಡಿಕ್ಟ್ ಮಾಡಲು ಪೈಗ್ಲಾಸರಿ ಅನ್ನುವ ತಂತ್ರಾಂಶ ಇದೆ. ವಿಭಕ್ತಿ ರೂಪ ಹುಟ್ಟಿಸುವ ಪುಟ್ಟ ಪ್ರೋಗ್ರಾಂ ಕೋಡ್‌ಕಟ್ಟೆ ಅವರು ಬರೆದರೆ ಕೆಲಸ ಶುರು. ಇದೇ ಪಟ್ಟಿಯಿಂದ ನಾಳೆ ಇಪಬ್ ಒಳಗಿನ ಅರ್ಥಕೋಶವನ್ನೂ ತೆಗೆಯಬಹುದು. ಪ್ರಕಾಶಕರ ಮುಂದೆ ‘ಮಾಡಿಕೊಡಿ’ ಅನ್ನುವುದಕ್ಕಿಂತ ‘ಮಾಡಿದ್ದು ಇಲ್ಲಿದೆ, ಸೇರಿಸಿಕೊಳ್ಳಿ’ ಅನ್ನುವುದು ಮೇಲು.

ಸಂಕದಾಚೆ

ಸರಿ, ಹೀಗೇ ಹೋಗೋಣ. ಹತ್ತು ಪರ್ವಗಳಿವೆ: ಆದಿ, ಸಭಾ, ಅರಣ್ಯ, ವಿರಾಟ, ಉದ್ಯೋಗ, ಭೀಷ್ಮ, ದ್ರೋಣ, ಕರ್ಣ, ಶಲ್ಯ, ಗದಾ. ನಾನು ಸಭಾಪರ್ವದ ಹೆಸರುಗಳನ್ನು ಬರೆಯುತ್ತೇನೆ. ಕೋಡ್‌ಕಟ್ಟೆ ಅವರು ಪ್ರತ್ಯಯದ ಪ್ರೋಗ್ರಾಂ ನೋಡಿಕೊಳ್ಳಲಿ. ಗಮಕಪ್ರಿಯೆ ಮೇಡಂ, ಬರೆದದ್ದನ್ನು ಒಮ್ಮೆ ನೋಡಿಕೊಡುತ್ತೀರಾ? ದನಿಯೋದು ಅವರು ಕೇಳಿ ನೋಡಿ, ಉದ್ದ ಜಾಸ್ತಿ ಆಯಿತು ಅನ್ನಿಸಿದ ಕಡೆ ಹೇಳಿದರೆ ಕತ್ತರಿಸುತ್ತೇವೆ. ಕಾದಂಬರಿಯ ಪ್ಲಗಿನ್‌ಗೆ ಬೇರೆ ಚರ್ಚೆ ತೆರೆಯುತ್ತೇನೆ, ಲುವಾ ಬರುವವರು ಅಲ್ಲಿಗೆ ಬನ್ನಿ.

ರಾತ್ರಿಓದು

ವಿರಾಟಪರ್ವ ನನಗಿರಲಿ. ಆದರೆ ಶುರುವಿನಲ್ಲೇ ಒಂದು ಅನುಮಾನ. ಕಂಕ, ವಲಲ, ಬೃಹನ್ನಳೆ, ಸೈರಂಧ್ರಿ, ಇವರನ್ನೆಲ್ಲ ಮೂಲ ಹೆಸರಿನ ಕೆಳಗೆ ಬೇರೆ ಹೆಸರು ಅಂತ ಹಾಕಲೇ? ಹಾಕಿದರೆ ‘ವಲಲ’ ಒತ್ತಿದವರಿಗೆ ಬರೀ ‘ಭೀಮ’ ಅಂತ ಬರುತ್ತದೆ. ಅಡುಗೆಮನೆಯ ವಿಷಯವೇ ಇರುವುದಿಲ್ಲ.

ಗಮಕಪ್ರಿಯೆ

ಹಾಕಬೇಡಿ. ವೇಷದ ಹೆಸರಿಗೆ ಬೇರೆ ಸಾಲು ಮಾಡಿ. ‘ವಲಲ: ವಿರಾಟನ ಅಡುಗೆಯವನು. ಅಜ್ಞಾತವಾಸದಲ್ಲಿರುವ ಭೀಮ.’ ಈ ಕ್ರಮದಲ್ಲೇ ಇರಲಿ. ಆ ಸಭೆಯಲ್ಲಿ ಇದ್ದವರಿಗೆ ಅವನು ಮೊದಲು ಅಡುಗೆಯವನೇ. ಸೈರಂಧ್ರಿಗೂ ಹಾಗೇ, ಮೊದಲು ಸುದೇಷ್ಣೆಯ ಪರಿಚಾರಿಕೆ, ಆಮೇಲೆ ದ್ರೌಪದಿ. ಸುದೇಷ್ಣೆಯ ಹೆಸರಿಗೂ ಒಂದು ಸಾಲು ಬೇಕು, ಮರೆಯಬೇಡಿ. ಬರೆದಷ್ಟನ್ನು ಇಲ್ಲೇ ಹಾಕಿ, ಶನಿವಾರ ಕೂತು ನೋಡುತ್ತೇನೆ.